ಕಾಯಿಲೆ ಇಲ್ಲದ ಪ್ರಯಾಣಿಕ

ಗಲ್ಫಿಗೆ ಬಂದವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಡದಿದ್ದರೂ ತಾನಾಗಿ ಬಾಯಿಪಾಠವಾಗುವ ನಿಯಮ ಒಂದಿದೆ. ಯಾವ ಫಾರ್ಮಿನಲ್ಲೂ ಕಾಯಿಲೆ ಬರೆಯಬಾರದು. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ಬಿಪಿ? ಇಲ್ಲ. ಆಪರೇಷನ್ ಏನಾದರೂ? ಅಯ್ಯೋ ದೇವರೇ, ಹುಟ್ಟಿದ ಮೇಲೆ ಒಂದು ಸೀನು ಕೂಡ ಸೀನಿದವರಲ್ಲ! ಎದೆಯ ಎಕ್ಸ್‌ರೇಯಲ್ಲಿ ಸಾಸಿವೆಯಷ್ಟು ಕಲೆ ಕಂಡಿತೆಂದು ವೀಸಾ ಕಳೆದುಕೊಂಡು ಊರಿನ ವಿಮಾನ ಹತ್ತಿದವರ ಕತೆ ಇಲ್ಲಿನ ಪ್ರತಿ ಕಟ್ಟಡದಲ್ಲೂ ಒಂದಾದರೂ ಸಿಗುತ್ತದೆ. ಅಂಥ ಕತೆ ಕೇಳಿದವರ ಕೈ ಆಸ್ಪತ್ರೆಯ ಚೀಟಿಯಲ್ಲಿರಲಿ, ಜಿಮ್ಮಿನ ಚೀಟಿಯಲ್ಲೂ ನಿಜ ಬರೆಯುವುದಿಲ್ಲ.

ಒಲಿಂಡಾ ಲೋಬೊ ಈ ವಿದ್ಯೆಯಲ್ಲಿ ಪಳಗಿದ ಕೈ. ದುಬೈನ ಅಲ್ ಕುಸೈಸಿನ ಟೈಪಿಂಗ್ ಸೆಂಟರೊಂದರಲ್ಲಿ ಹನ್ನೊಂದು ವರ್ಷ ಕೂತು ಕಂಡಕಂಡವರ ವೀಸಾ ಫಾರ್ಮು ತುಂಬಿದವಳು. ಮೇಲಿಂದ ಕೆಳಗಿನವರೆಗೆ ಇಲ್ಲ, ಇಲ್ಲ, ಇಲ್ಲ ಎಂದು ಗುರುತು ಹಾಕುತ್ತ ಹೋಗಲು ಅವಳಿಗೆ ಕಣ್ಣೂ ಬೇಕಿರಲಿಲ್ಲ. ಆಮೇಲೆ ದೇರಾದ ಒಂದು ಟ್ರಾವೆಲ್ ಆಫೀಸು ಸೇರಿದಳು. ಅಲ್ಲಿ ಫಾರ್ಮುಗಳ ಬಣ್ಣ ಬೇರೆ, ಊರುಗಳ ಹೆಸರು ಬೇರೆ, ಕೈಯ ಅಭ್ಯಾಸ ಮಾತ್ರ ಅದೇ.

೨೦೧೬ರ ಮೇ ತಿಂಗಳಲ್ಲಿ ಅಬ್ದುಲ್ ರವೂಫ್ ಅವಳ ಮೇಜಿನ ಮುಂದೆ ಬಂದು ಕೂತರು. ಅಡ್ಡೂರಿನವರು, ಅರವತ್ತೊಂದು ವರ್ಷ, ಅಲ್ ಕುಸೈಸಿನ ಗೋದಾಮಿನಲ್ಲಿ ಫ್ರೋಜನ್ ಮೀನಿನ ವ್ಯಾಪಾರ. ಟೈಪಿಂಗ್ ಸೆಂಟರಿನ ಕಾಲದಿಂದಲೂ ಅವರ ಕೆಲಸಗಾರರ ಕಾಗದಪತ್ರವೆಲ್ಲ ಒಲಿಂಡಾಳೇ ಮಾಡಿಕೊಟ್ಟದ್ದು. ಅವಳಿಗೆ ಅವರು ಕಾಕ; ಕ್ರಿಸ್ತುವ ಹೆಂಗಸರನ್ನು ಊರಿನಲ್ಲಿ ಕರೆಯುವ ಹಾಗೆ ಅವರಿಗೆ ಅವಳು ಬಾಯಿ. ಅವಳ ಗಂಡ ಜುವಾಕಿಮನ ಕೆಲಸ ಹೋದಾಗ ಮನೆಗೆ ಎರಡು ಪೆಟ್ಟಿಗೆ ಅಂಜಲ್ ಮೀನು ಕಳಿಸಿ, "ಊಟಕ್ಕೆ ಕಷ್ಟ ಮಾಡ್ಕೊಳ್ಬೇಡಿ" ಎಂದಿದ್ದ ಮನುಷ್ಯ.

"ಬಾಯಿ, ನನಗೆ ದೇವರು ಮಾಡಿದ ಐಸ್ ನೋಡ್ಲಿಕ್ಕುಂಟು," ಎಂದರು.

"ಎಂತ ಐಸ್ ಕಾಕ?"

"ಇಪ್ಪತ್ತೆಂಟು ವರ್ಷ ಮೈನಸ್ ಹದಿನೆಂಟರ ರೂಮಿನಲ್ಲಿ ನಿಂತು ಪೆಟ್ಟಿಗೆ ಇಳಿಸಿದೆ ಮಾರಾಯ್ತಿ. ಎಲ್ಲ ಕರೆಂಟಿನ ಐಸು. ಉತ್ತರದಲ್ಲಿ ಬೆಟ್ಟದಷ್ಟು ದೊಡ್ಡದು ನೀರಿನಲ್ಲಿ ತೇಲ್ತದಂತೆ. ಕೆನಡಾದ ಆಚೆ. ಕರಡಿ ಉಂಟಂತೆ, ಬಿಳಿ. ಸಕೀನಳನ್ನೂ ಕರ್ಕೊಂಡು ಹೋಗ್ಬೇಕು. ಪಾಪ, ಅವಳು ಹಜ್ ಬಿಟ್ರೆ ಎಲ್ಲಿಗೆ ಹೋಗಿದ್ದಾಳೆ?"

ಒಲಿಂಡಾಳ ಆಫೀಸಿನವರು ಇಂಥ ಪ್ರವಾಸಗಳನ್ನು ವರ್ಷಕ್ಕೆ ನಾಲ್ಕೈದು ಮಾರುತ್ತಿದ್ದರು. ನೂರು ಜನರ ಸಣ್ಣ ಹಡಗು, ಹನ್ನೆರಡು ದಿನ, ಮಂಜುಗಡ್ಡೆಗಳ ನಡುವೆ ಸಾಗಿ, ರಬ್ಬರ್ ದೋಣಿಯಲ್ಲಿ ದಡಕ್ಕೆ ಇಳಿದು, ಅಲ್ಲಿನ ಇನುಯಿಟ್ ಜನರ ಹಳ್ಳಿ ನೋಡಿ ಬರುವುದು. ಆಸ್ಪತ್ರೆ ಅಂತ ಏನೂ ಇಲ್ಲದ ದಿಕ್ಕಾದ್ದರಿಂದ ಹಡಗಿನವರು ಮೊದಲೇ ಎರಡು ಪುಟದ ಆರೋಗ್ಯದ ಫಾರ್ಮು ಕೇಳುತ್ತಿದ್ದರು. ಅದರ ಕೊನೆಯಲ್ಲಿ ಪ್ರಯಾಣಿಕನ ಸಹಿ, ಅದರ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ಏಜೆಂಟಿನ ಸಹಿ.

ರವೂಫಾಕ ಕನ್ನಡಕ ಏರಿಸಿ ಒಂದೊಂದೇ ಪ್ರಶ್ನೆ ಓದಿದರು. ರಕ್ತ ತೆಳು ಮಾಡುವ ಮಾತ್ರೆಯ ಸಾಲು ಬಂದಾಗ ಬೆರಳಿಟ್ಟು ನಿಂತರು. "ಇದು ಉಂಟಲ್ಲ ಬಾಯಿ. ಎರಡು ವರ್ಷದ ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಾತ್ರಿ ಊಟ ಆದ ಮೇಲೆ ದಿನಾ ಒಂದು. ಬರೀಬೇಕಲ್ಲ?"

"ಕಾಕ, ನಿಮಗೆ ಐಸ್ ನೋಡ್ಬೇಕಾ, ಮಾತ್ರೆ ತೋರಿಸ್ಬೇಕಾ?" ಒಲಿಂಡಾ ಫಾರ್ಮು ತನ್ನ ಕಡೆಗೆ ಎಳೆದುಕೊಂಡಳು. "ಹೋದ ವರ್ಷ ಒಬ್ಬರು ಸತ್ಯಹರಿಶ್ಚಂದ್ರರು ಬರೆದು ಕೂತ್ರು. ಆ ಸರ್ಟಿಫಿಕೇಟ್ ತನ್ನಿ, ಈ ಟೆಸ್ಟ್ ಮಾಡಿ ಅಂತ ಕುಣಿಸಿ ಕುಣಿಸಿ ಕಡೆಗೆ ಬೇಡ ಅಂದ್ರು." ಟಿಕ್, ಟಿಕ್, ಟಿಕ್. ಎಲ್ಲ ಇಲ್ಲ. "ಮಾತ್ರೆಯನ್ನು ಅದರ ಡಬ್ಬಿಯಲ್ಲಿ ಇಡ್ಬೇಡಿ. ಪೆಪ್ಪರ್‌ಮಿಂಟಿನ ಡಬ್ಬಿಗೆ ಹಾಕಿ ಸಕೀನಕ್ಕನ ಬ್ಯಾಗಿನಲ್ಲಿ ಇರಲಿ. ಹಡಗಿನ ಡಾಕ್ಟರ್ ಕೇಳಿದ್ರೂ ಇಲ್ಲ ಅಂತಲೇ ಹೇಳಿ. ಇಲ್ಲಿ ನಾನು ಸಹಿ ಹಾಕ್ತಿದ್ದೇನೆ, ಅಲ್ಲಿ ನೀವು ಉಲ್ಟಾ ಹೇಳಿದ್ರೆ ನನ್ನ ಕೆಲಸ ಹೋಗ್ತದೆ. ಜುವಾಕಿಂ ಈಗ ನನ್ನ ವೀಸಾದಲ್ಲಿ ಇರುವುದು. ಗೊತ್ತುಂಟಲ್ಲ?"

ರವೂಫಾಕ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಲ್ಲಾಹನಾಣೆ. ನಿಮಗೆ ತೊಂದರೆ ಆಗುವ ಮಾತು ನನ್ನ ಬಾಯಿಂದ ಬರುವುದಿಲ್ಲ."

ಜುವಾಕಿಮನ ವಿಷಯ ಇಷ್ಟು. ಮದೀನತ್ ಜಾಯೆದಿನ ಕಡೆ ಎಣ್ಣೆ ಬಾವಿಗಳ ಗುತ್ತಿಗೆ ಕಂಪೆನಿಯಲ್ಲಿ ಹದಿನಾಲ್ಕು ವರ್ಷ ದುಡಿದವನು. ಎಣ್ಣೆಯ ಬೆಲೆ ಬಿದ್ದಾಗ ಕಂಪೆನಿ ಮುನ್ನೂರು ಜನರನ್ನು ಮನೆಗೆ ಕಳಿಸಿತು, ಅವರಲ್ಲಿ ಇವನೂ ಒಬ್ಬ. ಈಗ ಅವನ ವೀಸಾ, ಹತ್ತನೇ ಕ್ಲಾಸಿನ ಮಗಳ ವೀಸಾ, ಫ್ಲ್ಯಾಟಿನ ಬಾಡಿಗೆ, ಎಲ್ಲ ಒಲಿಂಡಾಳ ಒಂದು ಕೆಲಸಕ್ಕೆ ಜೋತುಬಿದ್ದಿದ್ದವು. ಅವಳ ವೀಸಾ ಕ್ಯಾನ್ಸಲ್ ಆದರೆ ಮೂವತ್ತು ದಿನ, ಆಮೇಲೆ ಗಂಟುಮೂಟೆ. ಈ ಮೂವತ್ತರ ಲೆಕ್ಕ ಅವಳಿಗೆ ಅಡುಗೆ ಮಾಡುವಾಗಲೂ ಪ್ರಾರ್ಥನೆಗೆ ಕೂತಾಗಲೂ ನೆನಪಾಗುತ್ತಿತ್ತು.

ಆಗಸ್ಟಿನಲ್ಲಿ ರವೂಫಾಕ ಹೆಂಡತಿ ಸಕೀನಳನ್ನು ಕರೆದುಕೊಂಡು ಹೊರಟರು. ಹಡಗಿನ ಇಂಟರ್‌ನೆಟ್ಟು ಆಮೆಯ ನಡಿಗೆಯಲ್ಲಿ ತಂದುಹಾಕಿದ ಅವರ ಸಂದೇಶಗಳನ್ನು ಓದಿ ಒಲಿಂಡಾ ಒಬ್ಬಳೇ ನಗುತ್ತಿದ್ದಳು. 'ಬಾಯಿ, ಹಂಪನಕಟ್ಟೆಯ ಪೇಟೆಯಷ್ಟು ದೊಡ್ಡ ಐಸು. ಒಳಗೆ ನೀಲಿ ಬಣ್ಣ. ಸಕೀನ ಅಳುತ್ತಿದ್ದಾಳೆ.' ಎರಡು ದಿನ ಬಿಟ್ಟು, 'ಕಡಲಾನೆ ನೋಡಿದೆವು. ಮೀಸೆ ನಮ್ಮ ಮೋನು ಹಾಜಿಯದ್ದೇ.' ಆಮೇಲೆ, 'ಬಿಳಿ ಕರಡಿ ಈಜುತ್ತ ಹೋಯಿತು. ಹಡಗಿನಲ್ಲಿ ಒಬ್ಬರೂ ಉಸಿರಾಡಲಿಲ್ಲ.'

ಒಂಬತ್ತನೆಯ ದಿನ, ಮಂಗಳವಾರ, ಮಧ್ಯಾಹ್ನ ಮೂರು ನಲವತ್ತಕ್ಕೆ ಫೋನೇ ಬಂತು. ಹಡಗಿನ ಗಡಿಯಾರ ದುಬೈಗಿಂತ ಎಂಟು ಗಂಟೆ ಹಿಂದೆ. ಅಲ್ಲಿ ಬೆಳಗಿನ ಏಳು ನಲವತ್ತು.

"ಬಾಯೀ! ಕೇಳ್ತದಾ? ಹಡಗಿನ ಫೋನು ಇದು, ಆಕಾಶದಿಂದ ಬರುವುದು!" ರವೂಫಾಕ ನಗುತ್ತಿದ್ದರು. "ಇಲ್ಲೊಂದು ಹಳ್ಳಿ ಉಂಟು, ನಿನ್ನೆ ಇಳಿದಿದ್ದೆವು. ಮೀನು ಸೀಳಿ ಸಾಲಾಗಿ ಒಣಗಿಸ್ಲಿಕ್ಕೆ ಹಾಕಿದ್ದಾರೆ ಮಾರಾಯ್ತಿ, ನಮ್ಮ ಬೆಂಗ್ರೆಯ ದಡದ ಹಾಗೆಯೇ! ಒಬ್ಬಳು ಅಜ್ಜಿ ನನ್ನ ಕೈ ಹಿಡಿದು ನೋಡಿ ಎಂತದೋ ಹೇಳಿದಳು. ಗೈಡ್ ಹೇಳಿದ, ಇದು ಮೀನಿನ ಕೆಲಸ ಮಾಡಿದ ಕೈ ಅಂತ ಹೇಳ್ತಿದ್ದಾಳಂತೆ. ನೋಡಿ!"

"ಒಳ್ಳೇದಾಯ್ತಲ್ಲ ಕಾಕ."

"ಬರುವಾಗ ಮಾತ್ರ ಸಣ್ಣ ಫಜೀತಿ. ರಬ್ಬರ್ ದೋಣಿಗೆ ಐಸಿನ ತುಂಡು ತಾಗಿತು. ನಾನು ಮುಗ್ಗರಿಸಿ ಹಡಗಿನ ಕಬ್ಬಿಣದ ಏಣಿಗೆ ತಲೆ ಹೊಡ್ಕೊಂಡೆ. ಎಂತದೂ ಇಲ್ಲ, ಸ್ವಲ್ಪ ಬಾತಿದೆ. ಡಾಕ್ಟರಮ್ಮ ಬಂದಳು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ ಅಂತ ಎರಡೆರಡು ಸಲ ಕೇಳಿದಳು. ನಾನು ಬಿಡ್ತೇನಾ? ಮಾಫಿ, ಮಾಫಿ, ಇಲ್ಲವೇ ಇಲ್ಲ ಅಂದೆ. ನೋವಿಗೆ ಮಾತ್ರೆ ಕೊಟ್ಟಳು, ನುಂಗಿದೆ."

ಒಲಿಂಡಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಈಗ ಹೇಗಿದ್ದೀರಿ?"

"ತಲೆ ಸ್ವಲ್ಪ ಭಾರ. ಬೆಳಿಗ್ಗೆ ಒಂದು ವಾಂತಿ ಆಯ್ತು. ಕಡಲಿನ ತಲೆಸುತ್ತು ಇರ್ಬೇಕು."

"ಹಡಗು ಹೋಗ್ತಾ ಉಂಟಾ ಕಾಕ?"

"ಇಲ್ಲ, ಹಳ್ಳಿಯ ಎದುರು ನಿಂತಿದೆ. ನೀರು ಅಂದ್ರೆ ಕೆರೆಯ ಹಾಗೆ. ಮಧ್ಯಾಹ್ನ ಹನ್ನೆರಡಕ್ಕೆ ಹೊರಡುವುದಂತೆ. ಆಮೇಲೆ ಎರಡು ದಿನ ಬರೀ ಐಸು. ಮನುಷ್ಯ ಮಾತ್ರದವರು ಇಲ್ಲವಂತೆ!"

ನಿಂತ ಹಡಗು, ಅಲುಗದ ನೀರು, ಆದರೂ ವಾಂತಿ. ಆಗಲೇ ಹೇಳಬಹುದಿತ್ತು. 'ಕಾಕ, ಈಗಲೇ ಡಾಕ್ಟರಿಗೆ ನಿಜ ಹೇಳಿ.' ಐದೇ ಮಾತು. ಆದರೆ, "ರೆಸ್ಟ್ ತಗೊಳ್ಳಿ ಕಾಕ," ಎಂದಳು ಪುಣ್ಯಾತ್ಗಿತ್ತಿ. ಅಷ್ಟರಲ್ಲಿ ಲೈನು ಕಡಿದುಹೋಯಿತು.

ಕಂಪ್ಯೂಟರಿನಲ್ಲಿ ಹುಡುಕಿದಳು. ರಕ್ತ ತೆಳು ಮಾಡುವ ಮಾತ್ರೆ, ತಲೆಗೆ ಪೆಟ್ಟು. ಮೊದಲು ಏನೂ ಗೊತ್ತಾಗುವುದಿಲ್ಲವಂತೆ. ಒಳಗೆ ರಕ್ತ ಸ್ವಲ್ಪ ಸ್ವಲ್ಪವೇ ಒಸರುತ್ತದಂತೆ. ತಲೆನೋವು, ವಾಂತಿ, ಆಮೇಲೆ ಮಾತು ತೊದಲುವುದು, ಗುರುತು ತಪ್ಪುವುದು. ಗಂಟೆಗಳಲ್ಲಿ ಆಸ್ಪತ್ರೆ ಸೇರಬೇಕಂತೆ. ಅವಳು ಆ ಪುಟವನ್ನು ಮುಚ್ಚಿದಳು, ಮತ್ತೆ ತೆರೆದಳು, ಮತ್ತೆ ಮುಚ್ಚಿದಳು. ಮುಚ್ಚಿದರೆ ಒಸರುವುದು ನಿಲ್ಲುತ್ತದೆಯೇ?

ಮ್ಯಾನೇಜರ್ ಆಸ್ವಾಲ್ಡನ ಕೋಣೆಗೆ ಹೋದಳು. ಶಿರ್ವದವನು, ಕೆಟ್ಟವನಲ್ಲ, ಆದರೆ ಹೆದರಿಕೆಯಲ್ಲಿ ಅವಳಿಗಿಂತ ಒಂದು ಕೈ ಮೇಲು. ಕೊಂಕಣಿಯಲ್ಲಿ ಎಲ್ಲವನ್ನೂ ಹೇಳಿದಳು. ಅವನು ಎದ್ದು ಬಾಗಿಲು ಹಾಕಿದ.

"ತಲೆಗೆ ಪೆಟ್ಟು ನನ್ನ ಮಗನಿಗೆ ವಾರಕ್ಕೆ ಎರಡು ಸಲ ಆಗ್ತದೆ. ಸತ್ತಿದ್ದಾನಾ?"

"ಅವನು ಮಾತ್ರೆ ತಿನ್ನುವುದಿಲ್ಲವಲ್ಲ ಸರ್."

"ಪರಿಶೀಲಿಸಿದ್ದೇನೆ ಅಂತ ಸಹಿ ಯಾರದ್ದು? ನೀನೀಗ ಫೋನ್ ಮಾಡಿ ಹೇಳಿದ್ರೆ ಇನ್ಶೂರೆನ್ಸ್ ಖಲಾಸ್. ವಿಮಾನ ತರಿಸಿದ ಖರ್ಚು ಆಫೀಸಿನ ತಲೆಗೆ, ಆಫೀಸು ನಿನ್ನ ತಲೆಗೆ. ಸುಳ್ಳು ಕಾಗದ ಅಂತ ಕೇಸೂ ಆಗ್ಬಹುದು. ಜುವಾಕಿಮನ ಮುಖ ನೆನಪು ಮಾಡ್ಕೊ." ಆಮೇಲೆ ದನಿ ತಗ್ಗಿಸಿ, "ಸಂಜೆವರೆಗೆ ನೋಡುವ. ಏನೂ ಆಗುವುದಿಲ್ಲ. ದೇವರಿದ್ದಾನೆ," ಎಂದ.

ದೇವರ ಮೇಲೆ ಭಾರ ಹಾಕುವುದು ಎಷ್ಟು ಸುಲಭ! ಒಲಿಂಡಾ ತನ್ನ ಮೇಜಿಗೆ ಬಂದು ಕೂತಳು. ಯಾರೋ ಇಬ್ಬರು ಜಾರ್ಜಿಯಾದ ವೀಸಾ ಕೇಳಿಕೊಂಡು ಬಂದರು. ಅವರಿಗೆ ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಗಡಿಯಾರ ಐದರ ಹತ್ತಿರ ಬಂದಿತ್ತು. ಅಲ್ಲಿ ಒಂಬತ್ತು. ಹಡಗು ಹೊರಡಲು ಮೂರೇ ಗಂಟೆ.

ಕಡೆಗೆ ಅವಳಿಗೊಂದು ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವಂಥದ್ದು. ಹಡಗು ಕಂಪೆನಿಯ ಆಫೀಸಿಗೆ ಇ-ಮೇಲ್ ಬರೆದಳು. 'ಶ್ರೀ ಅಬ್ದುಲ್ ರವೂಫ್ ಅವರಿಗೆ ತಲೆಗೆ ಪೆಟ್ಟಾಗಿದೆ ಎಂದು ತಿಳಿಯಿತು. ಅವರು ಯಾವುದೋ ಮಾತ್ರೆ ತೆಗೆದುಕೊಳ್ಳುತ್ತಿರಬಹುದು ಎಂದು ಅವರ ಕುಟುಂಬದವರ ಅನುಮಾನ. ದಯವಿಟ್ಟು ಡಾಕ್ಟರು ಇನ್ನೊಮ್ಮೆ ವಿಚಾರಿಸಲಿ.' ಕುಟುಂಬದವರಂತೆ! ಯಾವ ಕುಟುಂಬ? ಅಡ್ಡೂರಿನಲ್ಲಿ ಇರುವ ಅವರ ಮಗಳು ರಸೀನಾಳಿಗೆ ಅಪ್ಪನ ತಲೆಗೆ ಪೆಟ್ಟಾದದ್ದೇ ಗೊತ್ತಿರಲಿಲ್ಲ. ಕಳಿಸು ಎನ್ನುವುದನ್ನು ಒತ್ತಿದಾಗ ಒಲಿಂಡಾಳಿಗೆ ಅರ್ಧ ಜೀವ ಬಂದಂತಾಯಿತು. ನೀರು ಕುಡಿದಳು. ಡಾಕ್ಟರು ಕೇಳುತ್ತಾರೆ, ಕಾಕ ಹೇಳುತ್ತಾರೆ, ತನ್ನ ಹೆಸರು ಎಲ್ಲೂ ಬರುವುದಿಲ್ಲ.

ಆರು ಹತ್ತಕ್ಕೆ ಉತ್ತರ ಬಂತು. 'ನಿಮ್ಮ ಕಾಳಜಿಗೆ ಧನ್ಯವಾದ. ನಮ್ಮ ಡಾಕ್ಟರು ಪ್ರಯಾಣಿಕರನ್ನೂ ಅವರ ಪತ್ನಿಯನ್ನೂ ಮತ್ತೆ ವಿಚಾರಿಸಿದ್ದಾರೆ. ಯಾವುದೇ ಮಾತ್ರೆ ತೆಗೆದುಕೊಳ್ಳುತ್ತಿಲ್ಲ ಎಂದು ಇಬ್ಬರೂ ದೃಢವಾಗಿ ಹೇಳಿದ್ದಾರೆ. ನೀವು ಕಳಿಸಿದ ಫಾರ್ಮೂ ಅದನ್ನೇ ಹೇಳುತ್ತದೆ. ಪ್ರಯಾಣಿಕರಿಗೆ ತಲೆನೋವು ಸ್ವಲ್ಪ ಹೆಚ್ಚಿದೆ, ನಿದ್ದೆ ಮಾಡುತ್ತಿದ್ದಾರೆ.'

ನಿದ್ದೆ ಎಂಬ ಆ ಪದದ ಮೇಲೆ ಅವಳ ಕಣ್ಣು ಅಂಟಿಕೊಂಡಿತು. ಬೆಳಿಗ್ಗೆ ಹತ್ತು ಗಂಟೆಗೆ, ಹೊರಗೆ ಐಸಿನ ಬೆಟ್ಟ ತೇಲುತ್ತಿರುವಾಗ, ಅದನ್ನು ನೋಡಲೆಂದೇ ಜೀವಮಾನವೆಲ್ಲ ಕಾದ ಮನುಷ್ಯ ನಿದ್ದೆ ಮಾಡುತ್ತಾನೆಯೇ? ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಾರೆ ಕಾಕ. ಅವಳ ಗಂಡನ ವೀಸಾಕ್ಕಾಗಿ, ಅವಳ ಮಗಳ ಶಾಲೆಗಾಗಿ. ಅಯ್ಯೋ, ಎಂಥ ಪಾಪಿ ನಾನು, ಎಂದುಕೊಂಡಳು.

ಆದರೂ ಕೈ ಫೋನಿಗೆ ಹೋಗಲಿಲ್ಲ. ನಿಜ ಹೇಳಬೇಕಲ್ಲ. ಮನೆಗೆ ಹೋಗಿ ಜುವಾಕಿಮನನ್ನು ಕೇಳಿ ಮಾಡೋಣವೇ ಅನ್ನಿಸಿತು. ಅವನು ಬೇಡ ಎನ್ನಲಿ ಎಂದು ತಾನು ಆಸೆಪಡುತ್ತಿದ್ದೇನೆ ಎಂಬುದು ಅವಳಿಗೇ ಗೊತ್ತಾಯಿತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಿಂತಳು. ಅಲ್ಲಿ ಎಷ್ಟು ಹೊತ್ತು ನಿಂತಳೋ, ಹೊರಗೆ ಬಂದಾಗ ಆರು ಐವತ್ತಾಗಿತ್ತು. ಆಸ್ವಾಲ್ಡ್ ಲೈಟು ಆರಿಸಲು ಹೇಳುತ್ತಿದ್ದ.

ಅವಳು ಕೂತು ಹಡಗು ಕಂಪೆನಿಯ ತುರ್ತು ನಂಬರಿಗೆ ಫೋನ್ ಮಾಡಿದಳು.

"ಒಲಿಂಡಾ!" ಆಸ್ವಾಲ್ಡ್ ಓಡಿಬಂದ. "ತಲೆ ಸರಿ ಉಂಟಾ ನಿನಗೆ?"

"ಇಲ್ಲ ಸರ್," ಎಂದಳು. ಕೆನಡಾದಲ್ಲಿ ಫೋನೆತ್ತಿದವನಿಗೆ ಇಂಗ್ಲಿಷಿನಲ್ಲಿ, ಉಸಿರು ಬಿಡದೆ, ಒಂದೇ ಸಮನೆ ಹೇಳಿದಳು. ಪ್ರಯಾಣಿಕ ಎರಡು ವರ್ಷದಿಂದ ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದಾರೆ. ಫಾರ್ಮಿನಲ್ಲಿ ಸುಳ್ಳು ಬರೆದದ್ದು ನಾನು. ಯಾರು ಕೇಳಿದರೂ ಹೇಳಬೇಡಿ ಎಂದು ಕಲಿಸಿದ್ದೂ ನಾನು. ನನ್ನ ಹೆಸರು ಒಲಿಂಡಾ ಲೋಬೊ. ಆ ಮನುಷ್ಯ ಲೈನು ಬಿಡಬೇಡಿ ಎಂದ. ಟಕಟಕ ಸದ್ದಾಯಿತು. ಆಮೇಲೆ ಹಡಗಿನ ಡಾಕ್ಟರಮ್ಮನ ದನಿ ಕೇಳಿಸಿತು. ಅವಳಿಗೂ ಅದನ್ನೇ ಹೇಳಿದಳು. ಹೆಜ್ಜೆಗಳು ಓಡಿದ್ದು, ಬಾಗಿಲು ತೆರೆದದ್ದು ಫೋನಿನಲ್ಲಿ ಕೇಳಿಸಿತು. ಡಾಕ್ಟರಮ್ಮ ಫೋನನ್ನು ಹಾಸಿಗೆಯ ಪಕ್ಕ ಇಟ್ಟಿರಬೇಕು.

"ಒಲಿಂಡಾ?" ಸಕೀನಳ ದನಿ. "ಇವರು ನನ್ನನ್ನು ಉಮ್ಮಾ ಅಂತ ಕರೀತಿದ್ದಾರೆ. ಅವರ ತಾಯಿ ತೀರಿಹೋಗಿ ಇಪ್ಪತ್ತು ವರ್ಷ ಆಯ್ತು."

"ಸಕೀನಕ್ಕ, ಪೆಪ್ಪರ್‌ಮಿಂಟಿನ ಡಬ್ಬಿ ಡಾಕ್ಟರಿಗೆ ಕೊಡಿ."

"ಕೊಡಬಾರದು ಅಂತ ಹೇಳಿದ್ದು ನೀವೇ ಅಲ್ಲವಾ? ಇವರು ಈಗಲೂ ನನ್ನ ಬ್ಯಾಗಿನ ಮೇಲೆ ಕೈಯಿಟ್ಟುಕೊಂಡಿದ್ದಾರೆ. ಬಿಡುವುದಿಲ್ಲ."

"ನಾನೇ ಹೇಳಿದ್ದು! ಈಗ ನಾನೇ ಹೇಳ್ತಿದ್ದೇನೆ, ಎಳೆದು ಕೊಡಿ! ಕಾಕನ ಹತ್ತಿರ ಫೋನ್ ಹಿಡೀರಿ!"

ಒಂದು ದೀರ್ಘ ಉಸಿರಾಟ ಕೇಳಿಸಿತು. ಆಮೇಲೆ ರವೂಫಾಕನ ಮಾತು, ಒಂದೊಂದು ಅಕ್ಷರವೂ ದಪ್ಪ ನಾಲಿಗೆಯಿಂದ ಕಷ್ಟಪಟ್ಟು ಹೊರಬಂದದ್ದು. "ಬಾಯಿ... ಹೆದರ್ಬೇಡಿ... ನಾನು... ಹೇಳ್ಲಿಲ್ಲ."

"ಹೇಳಿ ಕಾಕ! ಹೇಳಿಬಿಡಿ! ನನಗೆ ಏನೂ ಆಗುವುದಿಲ್ಲ!" ಒಲಿಂಡಾ ಕೂಗಿದಳು. ಆಸ್ವಾಲ್ಡ್ ಮುಖಕ್ಕೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದಿದ್ದ. ಆ ಕಡೆಯಿಂದ ಏನೋ ಬಿದ್ದ ಸದ್ದು, ಸಕೀನಳ ಅಳು, ಡಾಕ್ಟರಮ್ಮ ಯಾರಿಗೋ ಏನನ್ನೋ ತರಲು ಹೇಳಿದ್ದು. ಐದು ನಿಮಿಷ ಹಾಗೇ ಹೋಯಿತು. ಫೋನು ಹಿಡಿದ ಕೈ ಮರಗಟ್ಟಿದ್ದರೂ ಒಲಿಂಡಾ ಕೈ ಬದಲಿಸಲಿಲ್ಲ.

ಡಾಕ್ಟರಮ್ಮ ಮರಳಿ ಬಂದಳು. ಡಬ್ಬಿ ಸಿಕ್ಕಿತು ಎಂದಳು. ಕೊನೆಯ ಮಾತ್ರೆ ನಿನ್ನೆ ರಾತ್ರಿ, ಪೆಟ್ಟಾದ ಮೇಲೆ. ಹೆಂಡತಿ ತಪ್ಪದೆ ಕೊಟ್ಟಿದ್ದಾಳೆ. ಅದರ ಮೇಲೆ, ಗೊತ್ತಿಲ್ಲದೆ, ನಾನೂ ಕೊಡಬಾರದ ನೋವಿನ ಮಾತ್ರೆ ಕೊಟ್ಟಿದ್ದೇನೆ. ರಕ್ತ ತೆಳುವಾದದ್ದನ್ನು ತಡೆಯಲು ನನ್ನ ಹತ್ತಿರ ಇರುವ ಮದ್ದನ್ನು ಚುಚ್ಚಿಯಾಯಿತು. ಹಡಗು ಹೊರಡುವುದಿಲ್ಲ, ವಿಮಾನಕ್ಕೆ ಹೇಳಿಯಾಗಿದೆ.

"ಎಷ್ಟು ಹೊತ್ತಿಗೆ ಬರುತ್ತದೆ?" ಒಲಿಂಡಾ ಕೇಳಿದಳು.

"ಐದು ಗಂಟೆ ಬೇಕು. ಅದೂ ಮಂಜು ಕವಿಯದಿದ್ದರೆ. ಹಳ್ಳಿಗೆ ಬಂದು ಹೋಗುವ ವಿಮಾನ ಇಲ್ಲೇ ನಿಂತಿತ್ತು, ಹತ್ತು ಗಂಟೆಗೆ ಹೊರಟುಹೋಯಿತು. ಅದರಲ್ಲಿ ಜಾಗವಿತ್ತು."

ಹತ್ತು ಗಂಟೆ ಎಂದರೆ ಇಲ್ಲಿನ ಆರು. ಕಾಕನೇ ನಿಜ ಹೇಳಿಬಿಡಲಿ ಎಂದು ಅವಳು ಉತ್ತರ ಕಾಯುತ್ತ ಕೂತಿದ್ದ ಹೊತ್ತು.

"ನನ್ನ ದಾಖಲೆಗೆ ಒಂದು ಪ್ರಶ್ನೆ," ಡಾಕ್ಟರಮ್ಮ ಹೇಳಿದಳು. "ತಲೆಗೆ ಪೆಟ್ಟಾದದ್ದು ನಿಮಗೆ ಯಾವಾಗ ಗೊತ್ತಾಯಿತು?"

ಆಸ್ವಾಲ್ಡ್ ತಲೆಯೆತ್ತಿದ. ಕೈ ಬೀಸಿ, ಬಾಯಿ ಅಲುಗಿಸಿ, ಈಗ ತಾನೇ ಅಂತ ಹೇಳು, ಈಗ ತಾನೇ, ಎಂದು ಸನ್ನೆ ಮಾಡುತ್ತಿದ್ದ. ಅವಳು ಇ-ಮೇಲ್ ಕಳಿಸಿದ್ದು ಅವನಿಗೆ ಗೊತ್ತಿರಲಿಲ್ಲ. ಆದರೂ ಆ ಇ-ಮೇಲಿನ ಹೊತ್ತಿಗೆ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫೋನು ಮಾಡಿದ್ದು ಕಾಕ, ಮಾತಾಡಿದ್ದು ಇಬ್ಬರೇ.

"ನಿಮ್ಮ ಗಡಿಯಾರದಲ್ಲಿ ಏಳು ನಲವತ್ತಕ್ಕೆ," ಎಂದಳು ಒಲಿಂಡಾ. "ಅವರೇ ಫೋನ್ ಮಾಡಿ ಹೇಳಿದರು."

ಡಾಕ್ಟರಮ್ಮ ಅದನ್ನು ಬರೆದುಕೊಂಡಳು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, "ಆಗ ಅವರ ಮಾತು ಸ್ಪಷ್ಟವಾಗಿತ್ತೇ?" ಎಂದು ಕೇಳಿದಳು.

"ಹೌದು," ಎಂದಳು ಒಲಿಂಡಾ. "ನಗುತ್ತಿದ್ದರು."